ಕಬಿನಿ ದಂಡೇಲಿ ಮೂವತ್ತೇ ಸ್ಪೀಡು!

ಚಿತ್ರರಸಿಕ ಮಿತ್ರರೇ, ಮೊದಲು ನಿಮಗೊಂದು ಸಣ್ಣ ಪರೀಕ್ಷೆ. ಪಕ್ಕದವರನ್ನ ಕೇಳೋ ಹಾಗಿಲ್ಲ!

ಹಾಲಿವುಡ್ಡಿನಲ್ಲಿ ದೊಡ್ಡ ಹೆಸರು ಮಾಡಿದ ಮೊಟ್ಟಮೊದಲ ಭಾರತೀಯ ನಟ ಯಾರು? ಅಲ್ಲಿನ ಕಾಲುದಾರಿಯಲ್ಲಿ ತಾರೆಯರ ಹೆಸರು ಕೆತ್ತಿದ ನಕ್ಷತ್ರಗಳಿವೆಯಲ್ಲ, ಅದರಲ್ಲಿ 1960ರಲ್ಲೇ ಒಂದು ನಕ್ಷತ್ರ ಸಂಪಾದಿಸಿದ ನಮ್ಮವನು ಯಾರು?

ನಮ್ಮ ಗೆಳೆಯರ ಗುಂಪಿನಲ್ಲಿ ಕೇಳಿದೆ. ಒಬ್ಬ ಕಬೀರ್ ಬೇಡಿ ಅಂದ. ಇನ್ನೊಬ್ಬ ಶಶಿ ಕಪೂರ್ ಅಂದ. ಮತ್ತೊಬ್ಬ ಮಹಾಶಯ ‘ನಮ್ಮ ಬಾಸ್ ಹೋಗಿದ್ರೆ ಅವರೇ ಫಸ್ಟು’ ಅಂತ ಕಾಲರ್ ಎತ್ತಿದ! ಉತ್ತರ ಅದ್ಯಾವುದೂ ಅಲ್ಲ. ಆ ಹುಡುಗನ ಹೆಸರು ಸಾಬು. ಹುಟ್ಟಿದ್ದು ಬೊಂಬಾಯಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ ಸ್ವಾಮಿ. ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ, 1924ರ ಜನವರಿ 27ರಂದು. ಅಪ್ಪ ಆನೆ ಮಾವುತ!

ಆ ಕಾರಾಪುರ ಈಗ ಕಬಿನಿ ಹಿನ್ನೀರಿನ ದಡದ ಊರು. ಅಲ್ಲಿಂದ ಮುಂದಕ್ಕೆ ಕೇರಳದ ಗಡಿಯ ಬಾವಲಿವರೆಗೂ ಒಂದು ದಾರಿ ಇದೆ. ಬಲಕ್ಕೂ ಎಡಕ್ಕೂ ಕಾಡು, ಆ ಕಾಡಿನಾಚೆಗೆ ನೀರು. ಕನ್ನಡ ನಾಡಿನಲ್ಲಿ ಇಷ್ಟೊಂದು ಸಿನಿಮಾ ಕಥೆಗಳನ್ನ ಹೊದ್ದು ಮಲಗಿರೋ ರಸ್ತೆ ಇನ್ನೊಂದಿದೆಯಾ ಅಂತ ನನಗೆ ಅನುಮಾನ. ಅದಕ್ಕೇ ಏಪ್ರಿಲ್ ಕೊನೆಯಲ್ಲಿ ಒಂದು ದಿನ ಹೊರಟೇಬಿಟ್ಟೆ.

ಸಾರಥಿ ಭಾವಮೈದ

ಗಾಡಿ ನನ್ನ ಭಾವಮೈದನದು. ಹಳೇ ಮಾರುತಿ 800. ಹುಡುಗನಿಗೆ ಇಪ್ಪತ್ತಮೂರು, ಕಾಲಿಗೆ ಆಕ್ಸಿಲರೇಟರ್ ಸಿಕ್ಕಿದರೆ ಲೋಕವೇ ಮರೆತುಹೋಗುತ್ತೆ. ಅವನ ಪ್ರಕಾರ ಫೈಟಿಂಗ್ ಸೀನಿನ ಚೇಸು ಬಿಟ್ಟರೆ ಡ್ರೈವಿಂಗು ಅನ್ನೋದಕ್ಕೆ ಬೇರೆ ಅರ್ಥವೇ ಇಲ್ಲ. ನಾನು ಮೊದಲೇ ಒಂದು ಕರಾರು ಹಾಕಿದೆ.

‘ನೋಡಪ್ಪಾ, ಅಂತರಸಂತೆ ದಾಟಿದ ಮೇಲೆ ಮೂವತ್ತಕ್ಕಿಂತ ಮೇಲೆ ಮುಳ್ಳು ಹೋಗಬಾರದು.’

‘ಮೂವತ್ತಾ! ಭಾವ, ಆ ಸ್ಪೀಡಲ್ಲಿ ಹೋದ್ರೆ ಎತ್ತಿನ ಗಾಡಿನೂ ಹಾರ್ನ್ ಹೊಡ್ದು ಸೈಡ್ ಕೇಳ್ತದೆ.’

‘ಕೇಳ್ಲಿ, ಸೈಡ್ ಕೊಡು.’

ಮೈಸೂರು ಬಿಟ್ಟಾಗ ಬೆಳಿಗ್ಗೆ ಏಳು. ಮಾನಂದವಾಡಿ ರಸ್ತೆ ಹಿಡಿದು ಹಂಪಾಪುರ ದಾಟಿ ಹ್ಯಾಂಡ್‌ಪೋಸ್ಟ್ ತಲುಪಿದೆವು. ಅಲ್ಲಿಂದ ಒಂದು ದಾರಿ ಸರಗೂರಿನ ಕಡೆಗೆ, ಅಣೆಕಟ್ಟು ಇರೋ ಬೀಚನಹಳ್ಳಿ ಕಡೆಗೆ ಕವಲೊಡೆಯುತ್ತೆ. ನಾವು ಕೋಟೆ ಕಡೆಗೆ ತಿರುಗಿದೆವು. ಈ ಭಾಗದ ಜನರಿಗೆ ‘ಕೋಟೆ’ ಅಂದರೆ ಎಚ್.ಡಿ. ಕೋಟೆ, ಅಷ್ಟೇ. ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದು ಗಾಡಿಗೆ ಪೆಟ್ರೋಲು ತುಂಬಿಸಿದೆವು. ಮುಂದೆ ಕಾಡು, ಅಲ್ಲಿ ಬಂಕೂ ಇಲ್ಲ, ಪಂಕ್ಚರ್ ಅಂಗಡಿಯೂ ಇಲ್ಲ.

ಈ ‘ಕೋಟೆ’ಯ ಹೆಗ್ಗಡೆಗೂ ಕಾಡಿನ ಕುರುಬರಿಗೂ ನಡೆದ ಜಟಾಪಟಿಯೇ ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ ನಾಟಕ. ಕಾಲ ರಣಧೀರ ಕಂಠೀರವರದು. ಅದನ್ನೇ 1977ರಲ್ಲಿ ಸಿ.ಆರ್. ಸಿಂಹ ಬೆಳ್ಳಿತೆರೆಗೆ ತಂದರು. ಕಾಚನಾಗಿ ಲೋಕೇಶ್ ನಿಂತ ಭಂಗಿ ನೋಡಿದವರು ಮರೆಯೋದುಂಟೇ? ಸಿ. ಅಶ್ವಥ್ ಸಂಗೀತ ನಿರ್ದೇಶಕರಾಗಿ ಚಿತ್ರರಂಗಕ್ಕೆ ಕಾಲಿಟ್ಟಿದ್ದೂ ಅದೇ ಚಿತ್ರದಿಂದ. ಆ ಹಾಡುಗಳನ್ನ ಭಾವಮೈದ ಮೊಬೈಲಿನಲ್ಲಿ ಹಾಕಿದ. ಮಾರುತಿ ಗಾಡಿಯ ಪುಟ್ಟ ಸ್ಪೀಕರಿನಲ್ಲೂ ಮೈ ನವಿರೇಳಿತು ಅಂದರೆ ನಂಬಿ.

‘ನಮ್ಮೂರು ನೀರೊಳಗೆ ಅದೆ ಸಾ’

ಅಂತರಸಂತೆಯಲ್ಲಿ ಟೀ ಕುಡಿಯೋಕೆ ನಿಂತೆವು. ಬೆಂಚಿನ ಮೇಲೆ ಅರವತ್ತು ದಾಟಿದ ಹಿರಿಯರೊಬ್ಬರು ಬೀಡಿ ಹಚ್ಚುತ್ತಾ ಕೂತಿದ್ದರು. ಯಾವೂರಣ್ಣಾ ಅಂತ ಕೇಳಿದೆ.

‘ನಮ್ಮೂರಾ? ನಮ್ಮೂರು ನೀರೊಳಗೆ ಅದೆ ಸಾ’ ಅಂದರು. ನಗಲೂ ಇಲ್ಲ, ಅಳಲೂ ಇಲ್ಲ. ನಾವು ಬಾಗಿಲ ನಂಬರ್ ಹೇಳ್ತೀವಲ್ಲ, ಹಾಗೆ ಹೇಳಿದರು.

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಜಲಾಶಯದ ಪೂರ್ಣ ಮಟ್ಟ 2284 ಅಡಿ, ತುಂಬಿದಾಗ ಹಿಡಿಯೋ ನೀರು 19.52 ಟಿಎಂಸಿ. ವಯನಾಡಿನಲ್ಲಿ ಮಳೆ ಬಿದ್ದರೆ ಇಲ್ಲಿ ನೀರೇರುತ್ತೆ, ಇಲ್ಲಿಂದ ಬಿಟ್ಟ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನ ಸೇರುತ್ತೆ. ಹೊಲಕ್ಕೆ ನೀರು ಬಂತು, ಪಟ್ಟಣಕ್ಕೆ ನೀರು ಬಂತು, ಅದು ಸುಳ್ಳಲ್ಲ. ಆದರೆ ನೀರು ನಿಲ್ಲೋಕೆ ಜಾಗ ಬೇಕಲ್ಲ! ಕಾಕನಕೋಟೆಯ ದಟ್ಟ ಕಾಡಿನ ಒಂದು ದೊಡ್ಡ ಭಾಗ ಮುಳುಗಿತು. ಹಳ್ಳಿಗಳು ಮುಳುಗಿದವು, ಕಾಡು ಕುರುಬರ, ಜೇನು ಕುರುಬರ ಹಾಡಿಗಳು ಎದ್ದುಹೋದವು.

‘ಖೆಡ್ಡಾ ನೋಡಿದ್ರಾ?’ ಅಂತ ಕೇಳಿದೆ.

ಈ ಪ್ರಶ್ನೆಗೆ ಹಿರಿಯರ ಮುಖ ಅರಳಿತು. ‘ಚಿಕ್ ಹೈದ ನಾನು. ನಮ್ಮಪ್ಪನ ಹೆಗಲ ಮೇಲೆ ಕುಂತ್ಕಂಡು ನೋಡಿದ್ದೆ. ತಮಟೆ ಸದ್ದು, ಕೂಗಾಟ, ಆನೆ ಹಿಂಡು ಹೊಳೆಗೆ ಬಿದ್ದು ಈಜ್ಕಂಡು ಬರೋದು... ಯಾವ ಸಿನಿಮಾದಲ್ಲೂ ಅಂಥದ್ದು ಬರಾಕಿಲ್ಲ ಬುಡಿ ಸಾ.’

ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡ್ತೀನಿ. ಖೆಡ್ಡಾ ಅಂದರೆ ಕಾಡಾನೆ ಹಿಡಿಯೋ ಮಹಾ ಕಾರ್ಯಾಚರಣೆ. ನೂರಾರು ಜನ ತಮಟೆ, ಪಂಜು ಹಿಡಿದು ವಾರಗಟ್ಟಲೆ ಆನೆಗಳನ್ನ ಒತ್ತರಿಸಿಕೊಂಡು ಬಂದು, ಕೊನೆಗೆ ಕಬಿನಿ ಹೊಳೆ ದಾಟಿಸಿ, ದಿಮ್ಮಿಗಳಿಂದ ಕಟ್ಟಿದ ಕೊಪ್ಪಲಿಗೆ ನುಗ್ಗಿಸ್ತಿದ್ದರು. ಆಮೇಲೆ ಪಳಗಿದ ಆನೆಗಳ ಮೇಲೆ ಕೂತ ಮಾವುತರು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಬಿಗೀತಿದ್ದರು. ಮಹಾರಾಜರ ಅತಿಥಿಗಳಿಗೆ ಅದೊಂದು ದರ್ಬಾರು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಾದ ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಹಿಡಿದಿದ್ದ ಜಾಗವೂ ನೀರಿನ ಪಾಲಾಯ್ತು.

ಮಾವುತನ ಮಗ ಹಾಲಿವುಡ್ಡಿಗೆ

ಮುಖ್ಯ ರಸ್ತೆ ಬಿಟ್ಟು ಎಡಕ್ಕೆ ಕಾರಾಪುರದ ಕಡೆ ತಿರುಗಿದಾಗ ಹತ್ತೂವರೆ. ಮರಗಳ ಸಂದಿನಲ್ಲಿ ಮೊದಲು ಒಂದು ಬೆಳ್ಳಿ ಗೆರೆ ಕಂಡಿತು. ಇನ್ನೊಂದು ತಿರುವು... ಅಬ್ಬಾ! ಕಣ್ಣು ಹಾಯೋವರೆಗೂ ನೀರು, ಆಚೆ ದಡದಲ್ಲಿ ಬಂಡೀಪುರದ ಕಾಡು, ಈಚೆಗೆ ನಾಗರಹೊಳೆ. ಬೇಸಿಗೆಯಾದ್ದರಿಂದ ನೀರು ಇಳಿದಿತ್ತು. ಇಳಿದ ಕಡೆಯಲ್ಲೆಲ್ಲ ಎಳೇ ಹಸಿರು ಹುಲ್ಲು. ನಡುವೆ ಐವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೋಳು ಬೊಡ್ಡೆಗಳು, ಅವುಗಳ ತುದಿಯಲ್ಲಿ ರೆಕ್ಕೆ ಒಣಗಿಸುತ್ತಾ ಕೂತ ನೀರುಕಾಗೆಗಳು.

ಭಾವಮೈದ ಮಾತೇ ಆಡಲಿಲ್ಲ. ಗಾಡಿ ತಾನಾಗೇ ಇಪ್ಪತ್ತಕ್ಕೆ ಇಳಿದಿತ್ತು!

ದಡದಲ್ಲಿ ನೆರಳು ನೋಡಿ ಕೂತು ಅವನಿಗೆ ಸಾಬು ಕಥೆ ಹೇಳಿದೆ. ನೀವೂ ಕೇಳಿ.

1935ರ ಸುಮಾರಿಗೆ ರಾಬರ್ಟ್ ಫ್ಲಾಹರ್ಟಿ ಅನ್ನೋ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ನಿರ್ಮಾಪಕ. ರಡ್ಯಾರ್ಡ್ ಕಿಪ್ಲಿಂಗನ ಆನೆ ಹುಡುಗನ ಕಥೆ, ಚಿತ್ರದ ಹೆಸರು ‘ಎಲಿಫೆಂಟ್ ಬಾಯ್’. ಎಲ್ಲಾ ಸರಿ, ಹುಡುಗ ಎಲ್ಲಿ? ಛಾಯಾಗ್ರಾಹಕ ಬೊರಡೇಲ್ ಕಣ್ಣಿಗೆ ಅರಮನೆಯ ಆನೆ ಲಾಯದ ಒಬ್ಬ ಪೋರ ಬಿದ್ದ. ಅಪ್ಪ ಮಾವುತ, ತೀರಿಕೊಂಡಿದ್ದ. ಹುಡುಗನಿಗೆ ಹನ್ನೊಂದು ವರ್ಷ. ಆನೆ ಮೇಲೆ ಕೂತರೆ ಸೋಫಾ ಮೇಲೆ ಕೂತ ಹಾಗೆ! ಮೇಕಪ್ಪಿಲ್ಲ, ರಿಹರ್ಸಲ್ಲಿಲ್ಲ, ಕ್ಯಾಮೆರಾ ಭಯವೇ ಇಲ್ಲ. ಅವನೇ ಹೀರೋ ಆಗಿಬಿಟ್ಟ.

ಮೈಸೂರಿನ ಚಿತ್ರೀಕರಣ ಮುಗಿಸಿ ಹುಡುಗನನ್ನ ಇಂಗ್ಲೆಂಡಿಗೆ ಕರೆದೊಯ್ದರು. ಉಳಿದ ಭಾಗವನ್ನ ಝೋಲ್ಟಾನ್ ಕೋರ್ಡಾ ಅಲ್ಲಿ ತೆಗೆದ. 1937ರಲ್ಲಿ ಚಿತ್ರ ತೆರೆ ಕಂಡಿತು, ಇಬ್ಬರು ನಿರ್ದೇಶಕರಿಗೂ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಸಾಬು ಮತ್ತೆ ಹಿಂದಿರುಗಿ ನೋಡಲಿಲ್ಲ. 1938ರಲ್ಲಿ ‘ದಿ ಡ್ರಮ್’. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’, ಮೂರು ಆಸ್ಕರ್ ಗೆದ್ದ ಚಿತ್ರ. 1942ರಲ್ಲಿ ‘ಜಂಗಲ್ ಬುಕ್’, ಅದರಲ್ಲಿ ಇವನೇ ಮೋಗ್ಲಿ. 1944ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಾಯುಪಡೆ ಸೇರಿ, ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಪದಕ ಗೆದ್ದ. ತೆರೆಯ ಮೇಲಿನ ಸಾಹಸ ಬೇರೆ, ನಿಜವಾದ ಗುಂಡಿನ ಎದುರು ಕೂತ ಸಾಹಸ ಬೇರೆ. ಈತ ಎರಡನ್ನೂ ಮಾಡಿದ ಗಂಡು!

ಇನ್ನೊಂದು ಸ್ವಾರಸ್ಯ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಈ ಸಾಬುವನ್ನೇ. ಕೂಡಿಬರಲಿಲ್ಲ, ಪಾತ್ರ ಸುನಿಲ್ ದತ್ ಪಾಲಾಯ್ತು. ನಮ್ಮ ನೆಲದ ಹುಡುಗ ನಮ್ಮ ದೇಶದ ಒಂದು ಚಿತ್ರದಲ್ಲೂ ನಟಿಸದೆ, 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಕಣ್ಣುಮುಚ್ಚಿದ. ವಯಸ್ಸು ಬರೀ ಮೂವತ್ತೊಂಬತ್ತು.

ಭಾವಮೈದ ನೀರನ್ನೇ ನೋಡ್ತಾ ಕೇಳಿದ: ‘ಭಾವ, ಇಲ್ಲಿ ಅವನದೊಂದು ಬೋರ್ಡಾದ್ರೂ ಇದೆಯಾ?’

ನಾವು ಹೋದ ದಾರಿಯಲ್ಲಂತೂ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಬಿದ್ದದ್ದೆಲ್ಲ ರೆಸಾರ್ಟ್ ಬೋರ್ಡುಗಳೇ. ಗಲ್ಲಿಗೊಂದು ಅಭಿಮಾನಿ ಸಂಘ ಕಟ್ಟೋ ನಾವು, ನಲವತ್ತು ಅಡಿ ಕಟೌಟಿಗೆ ಹಾಲೆರೆಯೋ ನಾವು, ಕಾರಾಪುರದ ಹುಡುಗನಿಗೆ ಒಂದು ಫಲಕ ಹಾಕಿಸೋಕೆ ಆಗದಷ್ಟು ಬಡವರೇ? ಯೋಚಿಸಿ.

ಕಾಡಿನ ಗೇಟಿನೊಳಗೆ

ಊಟ ಮುಗಿಸಿ ಮತ್ತೆ ಮುಖ್ಯ ರಸ್ತೆ ಸೇರಿ, ಉದ್ಬೂರು ಕಡೆಯ ಗೇಟು ದಾಟಿದಾಗ ಮೂರೂವರೆ. ಇಲ್ಲಿಂದ ನಾಗರಹೊಳೆಯ ಕಾಡು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಈ ದಾರಿಯಲ್ಲಿ ಗಾಡಿ ಬಿಡೋದಿಲ್ಲ. ರಾತ್ರಿ ಹೆಡ್‌ಲೈಟಿಗೆ ಕಣ್ಣು ಕೋರೈಸಿ ಪ್ರಾಣಿಗಳು ರಸ್ತೆಯಲ್ಲೇ ನಿಂತುಬಿಡ್ತವೆ, ಲಾರಿಗಳ ಗಾಲಿಗೆ ಸಿಕ್ಕಿ ಸಾಯ್ತವೆ. ಅದಕ್ಕೇ ಈ ನಿಯಮ.

ಕಾಡಿನ ರಸ್ತೆಗೆ ಎರಡೇ ಸೂತ್ರ. ಮೆಲ್ಲಗೆ ಹೋಗಬೇಕು, ಆದರೆ ನಿಲ್ಲಬಾರದು. ಕಿಟಕಿ ತೆಗೆದು ಹಾಡು ನಿಲ್ಲಿಸಿದೆವು. ಮೂವತ್ತರಲ್ಲಿ ಹೋದರೆ ಕಾಡು ಕಾಣುತ್ತೆ, ಕೇಳುತ್ತೆ ಕೂಡಾ! ಎಲೆ ಉದುರಿದ ತೇಗದ ಮರ, ಕೆಂಪು ಹುತ್ತ, ಹುತ್ತದ ಮೇಲೆ ನವಿಲು. ಜಿಂಕೆ ಹಿಂಡು ತಲೆಯೆತ್ತಿ ನೋಡಿ ಮತ್ತೆ ಮೇಯೋಕೆ ಶುರುಮಾಡ್ತು. ಎಂಬತ್ತರಲ್ಲಿ ಹೋಗಿದ್ದರೆ ಇವೆಲ್ಲ ಬರೀ ಕಂದು ಬಣ್ಣದ ಗೀಟುಗಳು.

ಈ ಬೇಸಿಗೆಯಲ್ಲೇ ಕಬಿನಿಗೆ ಆನೆ ಬರೋದು. ಕಾಡಿನೊಳಗಿನ ಕೆರೆಕಟ್ಟೆ ಬತ್ತಿದಾಗ ನಾಗರಹೊಳೆ, ಬಂಡೀಪುರ, ವಯನಾಡು ಮೂರು ಕಡೆಯಿಂದಲೂ ಹಿಂಡುಗಳು ಹಿನ್ನೀರಿನ ಹಸಿ ಹುಲ್ಲಿಗೆ ಇಳಿಯುತ್ತವೆ. ಕಾಡು ಮುಳುಗಿಸಿದ ನೀರೇ ಈಗ ಆನೆಗೆ ಆಸರೆ. ವಿಧಿಯಾಟ ಅನ್ನೋದು ಇದಕ್ಕೇ ಇರಬೇಕು.

ದಾರಿಯಲ್ಲೇ ಬಳ್ಳೆ ಆನೆ ಶಿಬಿರ ಸಿಗುತ್ತೆ. ಬಳ್ಳೆ ಅಂದರೆ ಅರ್ಜುನನ ಮನೆ. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಆನೆ, 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಗಜರಾಜ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಹಿಡಿಯೋಕೆ ಹೋದಾಗ ಒಂಟಿಸಲಗದ ಜೊತೆ ಕಾದಾಡಿ ಪ್ರಾಣ ಬಿಟ್ಟ. ಆ ದಿನ ನಾಡಿಗೆ ನಾಡೇ ಅತ್ತದ್ದು ನಿಮಗೆ ನೆನಪಿದ್ದೇ ಇರುತ್ತೆ.

‘ಕಟ್’ ಅನ್ನೋರು ಇಲ್ಲ!

ಬಳ್ಳೆ ದಾಟಿ ಸ್ವಲ್ಪ ದೂರ ಹೋಗಿರಬೇಕು. ಮುಂದೆ ಒಂದು ಕಾರು ನಿಂತಿತ್ತು. ಇಬ್ಬರು ಹುಡುಗರು ಕೆಳಗಿಳಿದು ರಸ್ತೆ ಅಂಚಿನಲ್ಲಿ ಮೊಬೈಲ್ ಹಿಡಿದಿದ್ದಾರೆ. ಒಬ್ಬ ತೆಗೆಯೋನು, ಇನ್ನೊಬ್ಬ ಕೈ ಚಾಚಿ ಹೀರೋ ಪೋಸು ಕೊಡೋನು. ಅವನ ಬೆನ್ನ ಹಿಂದೆ, ಲಂಟಾನ ಪೊದೆಯ ಪಕ್ಕ, ಒಂದು ಹೆಣ್ಣಾನೆ. ಅದರ ಕಾಲ ಸಂದಿನಲ್ಲಿ ಮರಿ.

‘ಭಾವ, ಮರಿ ಇದೆ’ ಅಂದ ನಮ್ಮ ಸಾರಥಿ. ದನಿ ನಡುಗ್ತಿತ್ತು. ಹಾರ್ನ್ ಮುಟ್ಟಬೇಡ ಅಂದೆ. ಅಷ್ಟು ಹೊತ್ತಿಗೆ ಆನೆ ಕಿವಿ ಅರಳಿಸಿತ್ತು. ಸೊಂಡಿಲು ಮೇಲೆದ್ದಿತು. ಒಂದು ಘೀಳು... ಎದೆ ಬಡಿತ ನಿಂತ ಹಾಗಾಯ್ತು! ಧೂಳೆಬ್ಬಿಸಿಕೊಂಡು ಹತ್ತು ಹದಿನೈದು ಹೆಜ್ಜೆ ನುಗ್ಗಿತು ನೋಡಿ, ಹೀರೋ ಪೋಸೂ ಇಲ್ಲ, ಹೀರೋನೂ ಇಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಕಾರಿನೊಳಗೆ ಬಿದ್ದ. ಆನೆ ರಸ್ತೆ ಅಂಚಿಗೆ ಬಂದು ನಿಂತಿತು. ಚಪ್ಪಲಿ ಮೂಸಿತು. ಹಿಂದಕ್ಕೆ ತಿರುಗಿ ಮರಿಯನ್ನ ಸೊಂಡಿಲಿನಲ್ಲಿ ತಳ್ಳಿಕೊಂಡು ಪೊದೆಯೊಳಗೆ ಹೋಯ್ತು.

ಅಷ್ಟರಲ್ಲಿ ಹಿಂದಿನಿಂದ ಅರಣ್ಯ ಇಲಾಖೆಯ ಜೀಪು. ಅದರಿಂದಿಳಿದ ಗಾರ್ಡು ಬೈಯಲೂ ಇಲ್ಲ, ಕಿರುಚಲೂ ಇಲ್ಲ. ದಂಡದ ಪುಸ್ತಕ ತೆಗೀತಾ ಒಂದೇ ಮಾತು ಹೇಳಿದರು: ‘ಏನ್ರಪ್ಪಾ, ಸಿನಿಮಾ ಅಂತ ತಿಳ್ಕಂಡ್ರಾ? ಇಲ್ಲಿ ಕಟ್ ಅನ್ನೋಕೆ ಡೈರೆಕ್ಟ್ರು ಇಲ್ಲ.’

ಆಮೇಲೆ ನಮ್ಮ ಕಡೆ ತಿರುಗಿ, ‘ಆ ತಾಯಿ ಇವತ್ತು ಬುಟ್ಬುಡ್ತು. ನಾಳೆ ಬರೋ ಗಾಡಿನ ಬುಡ್ತದಾ ಅಂತ ಹೇಳಕ್ಕಾಗಲ್ಲ. ಇವ್ರು ಕೆಣಕಿ ಹೋಯ್ತಾರೆ, ಬೈಕಲ್ಲಿ ಬರೋ ಹಾಡಿ ಹುಡುಗ್ರು ಅನುಭವಿಸ್ತಾರೆ’ ಅಂದರು. ಈ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ರೀಲು ಒಬ್ಬರದು, ರಕ್ತ ಇನ್ನೊಬ್ಬರದು.

ಮಾಸ್ತಿಗುಡಿ ಅನ್ನೋ ಹೆಸರು

ಈ ಕಾಡಿನಲ್ಲೇ ಹಿನ್ನೀರಿನ ದಡಕ್ಕೆ ಮಾಸ್ತಿಗುಡಿ ಅನ್ನೋ ಜಾಗ ಇದೆ. ಹೆಸರು ಕೇಳಿದ ಕೂಡಲೇ ಅಭಿಮಾನಿಗಳಿಗೆ 2017ರಲ್ಲಿ ತೆರೆ ಕಂಡ ಚಿತ್ರ ನೆನಪಾಗುತ್ತೆ. ಅದರ ಜೊತೆಗೆ ಇನ್ನೊಂದು ದಿನವೂ ನೆನಪಾಗಬೇಕು. 2016ರ ನವೆಂಬರ್ 7. ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಆ ಚಿತ್ರದ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲಿಲ್ಲ. ಖಳನಾಯಕನ ಪಾತ್ರಕ್ಕಾಗಿ ವರ್ಷಗಟ್ಟಲೆ ಮೈ ಕಡೆದುಕೊಂಡ ಹುಡುಗರು. ಕ್ಯಾಮೆರಾ ಓಡುತ್ತಲೇ ಇತ್ತು.

ಜಲಾಶಯದ ನೀರು ಮೇಲೆ ಕನ್ನಡಿ, ಕೆಳಗೆ ಹೂಳು, ಮುಳುಗಿದ ಕೊಂಬೆ, ಹಳೇ ಬೊಡ್ಡೆ. ಕಬಿನಿಯಲ್ಲಿ ಮೊಸಳೆಯೂ ಉಂಟು. ದಡದಲ್ಲಿ ಕೂತು ನೋಡಿ, ಆನಂದಪಡಿ. ಈಜ್ತೀನಿ ಅಂತ ಇಳಿಯಬೇಡಿ. ಮನೆಯಲ್ಲಿ ನಿಮ್ಮ ತಾಯಿಗೆ ನೀವೇ ಹೀರೋ. ಅಲ್ಲಿ ನಿಮಗೆ ಡೂಪಿಲ್ಲ.

ಬಾವಲಿ ಬಂತು

ಸಂಜೆ ಐದೂಕಾಲಿಗೆ ಬಾವಲಿ ಚೆಕ್‌ಪೋಸ್ಟ್ ದಾಟಿದೆವು. ಆಚೆ ಕೇರಳ. ಮಾನಂದವಾಡಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಮೈಸೂರಿಗೆ ಮರಳೋ ಲೆಕ್ಕ. ಚೆಕ್‌ಪೋಸ್ಟಿನ ಬಳಿ ಟೀ ಕುಡಿಯುತ್ತಾ ಭಾವಮೈದ ತಾನಾಗೇ ಮಾತು ತೆಗೆದ.

‘ಭಾವ, ಗಂಧದ ಗುಡೀಲಿ ಅಣ್ಣಾವ್ರು ಕಾಡಿನ ಆಫೀಸರ್ ಆಗಿ ಬಂದಾಗ ನಮ್ಮಪ್ಪ ಸಿಳ್ಳೆ ಹೊಡೆದಿದ್ರಂತೆ. ಅಪ್ಪು ಅವರ ಗಂಧದ ಗುಡಿ ಬಂದಾಗ ನಾನು ಅತ್ತುಬಿಟ್ಟಿದ್ದೆ.’

ನಿಜವೇ. 1973ರಲ್ಲಿ ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ ‘ಗಂಧದ ಗುಡಿ’ ಕಾಡು ಕಾಯೋದೂ ಹೀರೋ ಕೆಲಸ ಅಂತ ಕನ್ನಡದ ಹುಡುಗರಿಗೆ ತೋರಿಸಿತು. ಅದೇ ಹೆಸರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರು ಅಮೋಘವರ್ಷ ಜೊತೆ ಕಾಡು ಸುತ್ತಿದ ಚಿತ್ರ 2022ರ ಅಕ್ಟೋಬರ್ 28ರಂದು, ಅವರು ನಮ್ಮನ್ನಗಲಿ ವರ್ಷ ತುಂಬೋ ಹೊತ್ತಿಗೆ ತೆರೆ ಕಂಡಿತು. ಎರಡೂ ಚಿತ್ರಕ್ಕೆ ನಾವು ಸಿಳ್ಳೆ ಹೊಡೆದಿದ್ದೇವೆ, ಕಣ್ಣೀರು ಹಾಕಿದ್ದೇವೆ. ಟಾಕೀಸಿನಿಂದ ಹೊರಗೆ ಬಂದ ಮೇಲೆ ಕಾಡಿನ ರಸ್ತೆಯಲ್ಲಿ ಬಿಯರ್ ಬಾಟಲಿ ಎಸೆದರೆ, ಆನೆ ಮರಿಗೆ ಹಾರ್ನ್ ಹೊಡೆದರೆ, ಆ ಕಣ್ಣೀರಿಗೆ ಏನು ಬೆಲೆ?

ಹೋಗಬೇಕು ಅನ್ನೋ ಮಿತ್ರರಿಗೆ ಕೊನೆಯದಾಗಿ ನಾಲ್ಕು ಮಾತು. ಮಾರ್ಚಿನಿಂದ ಮೇ ಒಳ್ಳೇ ಕಾಲ. ಕೋಟೆಯಲ್ಲೇ ಪೆಟ್ರೋಲು, ಗಾಳಿ, ನೀರು ನೋಡಿಕೊಳ್ಳಿ. ನಾಲ್ಕು ಗಂಟೆಯೊಳಗೆ ಕಾಡಿನ ಗೇಟು ದಾಟಿ. ಒಳಗೆ ಇಳಿಯಬೇಡಿ, ಕೂಗಬೇಡಿ, ಏನನ್ನೂ ತಿನ್ನಿಸಬೇಡಿ, ಎಸೆಯಬೇಡಿ. ಕಾರಿಲ್ಲದವರು ಬೇಜಾರಾಗಬೇಕಿಲ್ಲ. ಮೈಸೂರಿನಿಂದ ಮಾನಂದವಾಡಿ ಬಸ್ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ, ಅದೇ ಬಾಲ್ಕನಿ ಟಿಕೆಟ್ಟು!

ಇನ್ನು ಸ್ಪೀಡು? ಮೂವತ್ತೇ. ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ನಗುತ್ತಾ ಸೈಡ್ ಕೊಡಿ. ಪಾಪ, ಅವನು ನವಿಲು ನೋಡಲಿಲ್ಲ.